ಪಕ್ಕದ ಸೀಟಿನ ಕೈ

ಫ್ಲೆಕ್ಸಿಗೆ ಚದರಡಿಗೆ ಹದಿನಾಲ್ಕು ರೂಪಾಯಿ. ವಿಮಾನದ ಎದುರಿನ ಫಲಕಕ್ಕೆ ಆರಡಿಗೆ ಐದಡಿ, ತಲೆಯ ಮೇಲಿನ ಸ್ವಿಚ್ಚುಗಳಿಗೆ ನಾಲ್ಕಡಿಗೆ ಮೂರಡಿ, ಒಟ್ಟು ಐನೂರ ಎಂಬತ್ತೆಂಟು. ಫ್ಲೆಕ್ಸಿ ಅಂಗಡಿಯ ಇಮ್ರಾನ್ ಎಂಟು ರೂಪಾಯಿ ಬಿಟ್ಟ. ಎರಡೂ ಕಡೆ ಅಂಟುವ ಟೇಪಿಗೆ ನಲವತ್ತು. ಅಲ್ಲಿಗೆ ಆರುನೂರ ಇಪ್ಪತ್ತು ರೂಪಾಯಿಗೆ ನೂರ ಎಂಬತ್ತು ಜನ ಕೂರುವ ಜೆಟ್ ವಿಮಾನವೊಂದರ ಮೂತಿ ದಾವಣಗೆರೆಯ ಮನೆಯ ಹಿಂದಿನ ಕೋಣೆಯ ಗೋಡೆಗೆ ಬಂದು ಕೂತಿತು. ಬೆಂಗಳೂರಿನ ಸಿಮ್ಯುಲೇಟರಿನಲ್ಲಾದರೆ ಗಂಟೆಗೆ ನಲವತ್ತು ಸಾವಿರದ ಹತ್ತಿರ ಬೀಳುತ್ತದೆ. ಇಡೀ ತರಬೇತಿಗೆ ಹದಿನೆಂಟು ಲಕ್ಷ; ಕಂಪನಿಯೇ ಕಟ್ಟಿ, ಐದು ವರ್ಷ ಬಿಟ್ಟುಹೋಗುವುದಿಲ್ಲ ಎಂದು ಚೌಡೇಶನಿಂದ ಸಹಿ ಹಾಕಿಸಿಕೊಂಡಿತ್ತು. ಆ ಹದಿನೆಂಟರ ಮೇಲೆ ಈಗ ಇನ್ನೆರಡು ಪಾಠಗಳ ಖರ್ಚು. ಅದನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ, ಇದೊಂದು ಸಲ, ಎಂದು ಪತ್ರದಲ್ಲಿ ಬರೆದಿದ್ದರು. ಆ 'ಇದೊಂದು ಸಲ'ದ ಪತ್ರವನ್ನು ಅವನು ಹೆಂಡತಿಗೆ ತೋರಿಸಿರಲಿಲ್ಲ. ಇಮ್ರಾನ್ ಮಾತ್ರ ಕಂಪ್ಯೂಟರಿನ ಮುಂದೆ ಕೂತು, ಗಡಿಯಾರದಂಥ ಚಿತ್ರಗಳನ್ನು ಹಿಗ್ಗಿಸಿ ನೋಡಿ, "ಬರ್ತ್‌ಡೇಗಾ ಸಾರ್? ನಡುವೆ ಯಾರ ಫೋಟೊ ಹಾಕ್ಲಿ?" ಎಂದು ಕೇಳಿದ್ದ. ಯಾರದ್ದೂ ಬ್ಯಾಡ ಎಂದರೆ, "ಶುಭ ಕೋರುವವರು ಅಂತಾನೂ ಬ್ಯಾಡ್ವಾ? ಕೆಳಗೆ ಜಾಗ ಭಾಳ ಐತೆ," ಎಂದು ಮರುಗಿದ್ದ.

ಚೌಡೇಶನಿಗೆ ನಲವತ್ಮೂರು ವರ್ಷ. ಹದಿನಾಲ್ಕು ವರ್ಷದಿಂದ ಎಪ್ಪತ್ತು ಸೀಟಿನ ಪ್ರೊಪೆಲ್ಲರ್ ವಿಮಾನ ಹಾರಿಸಿದವನು, ಅದರಲ್ಲಿ ಹತ್ತು ವರ್ಷ ಕ್ಯಾಪ್ಟನ್. ಕಂಪನಿ ಈಗ ಆ ವಿಮಾನಗಳನ್ನೆಲ್ಲ ಬಾಡಿಗೆ ಮುಗಿಸಿ ವಾಪಸು ಕಳಿಸುತ್ತಿತ್ತು; ಜೆಟ್ಟಿಗೆ ಬರುವವರು ಬರಬೇಕು, ಬರಲಾಗದವರಿಗೆ ಹಿಂದಿರುಗಲು ಹಳೆಯದು ಇರುವುದಿಲ್ಲ. ಹಳೆಯದರಲ್ಲಿ ಇಬ್ಬರು ಪೈಲಟ್‌ಗಳ ಮುಂದೆಯೂ ಸ್ಟಿಯರಿಂಗಿನಂಥ ಒಂದೊಂದು ಹಿಡಿ. ಎರಡಕ್ಕೂ ಒಳಗೆ ಒಂದೇ ಕಂಬಿ. ಪಕ್ಕದವನು ತನ್ನದನ್ನು ಎಳೆದರೆ ಇವನದೂ ಬರುತ್ತದೆ. ಅವನು ಹೆದರಿದರೆ ಆ ಹೆದರಿಕೆಯೂ ಕಂಬಿಯ ಮೂಲಕ ಇವನ ಅಂಗೈಗೆ ಬರುತ್ತದೆ. ಹಾಗಾಗಿ ಬೇರೆಯವರು ಹಾರಿಸುವಾಗಲೂ ಚೌಡೇಶ್ ಎಡಗೈಯನ್ನು ಹಿಡಿಯ ಮೇಲೆ ಹಗುರವಾಗಿ ಇಟ್ಟಿರುತ್ತಿದ್ದ. ಮಲಗಿದ ಮಗುವಿನ ಹೊಟ್ಟೆಯ ಮೇಲೆ ಕೈ ಇಟ್ಟ ಹಾಗೆ ಎಂದು ಅವನೇ ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದ. ಜೆಟ್ಟಿನಲ್ಲಿ ಹಿಡಿ ಇಲ್ಲ. ಇವನ ಎಡಗಡೆಗೆ ಒಂದು ಪುಟ್ಟ ಕೋಲು, ಪಕ್ಕದ ಸೀಟಿನವರ ಬಲಗಡೆಗೆ ಇನ್ನೊಂದು. ಒಂದಕ್ಕೊಂದು ಸಂಬಂಧವಿಲ್ಲ. ಅವರ ಕೈ ಏನು ಮಾಡುತ್ತಿದೆ ಎಂದು ಇವನಿಗೆ ತಿಳಿಯುವುದಿಲ್ಲ. ಇಬ್ಬರೂ ಒಟ್ಟಿಗೆ ಅಲ್ಲಾಡಿಸಿದರೆ ಯಂತ್ರ ಇಬ್ಬರದ್ದನ್ನೂ ಕೂಡಿಸಿ ವಿಮಾನಕ್ಕೆ ಹೇಳುತ್ತದೆ, ಮತ್ತು ಎರಡು ಕೈ ಓಡುತ್ತಿವೆ ಎಂದು ಒಂದು ಗಂಡಸಿನ ದನಿ ಎಚ್ಚರಿಸುತ್ತದೆ. ಡ್ಯುಯಲ್ ಇನ್‌ಪುಟ್. ಆ ದನಿಯಲ್ಲಿ ಸಿಟ್ಟಿಲ್ಲ, ಗೌರವವೂ ಇಲ್ಲ. ಐದನೇ ದಿನದ ಸಿಮ್ಯುಲೇಟರಿನಲ್ಲಿ ಪುಣೆಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಇಳಿಸುತ್ತಿದ್ದಾಗ ಅವನು ಆ ದನಿಯನ್ನು ನಾಲ್ಕು ಸಲ ಕೇಳಿದ. ನಾಲ್ಕನೇ ಸಲ ಅವಳು ಸರಿಯಾಗಿಯೇ ಎತ್ತಿದ ಮೂಗು ಇವನ ಪಾಲೂ ಸೇರಿ ಇನ್ನಷ್ಟು ಎದ್ದು, ವಿಮಾನ ರನ್‌ವೇ ಮೇಲೆ ಗೋಣಿಚೀಲ ಎತ್ತಿಹಾಕಿದಂತೆ ಬಿತ್ತು. ಸಿಮ್ಯುಲೇಟರಿನಲ್ಲಿ ಯಾರೂ ಸಾಯುವುದಿಲ್ಲ. ಆದರೆ ಪರದೆ ಒಂದು ಕ್ಷಣ ಕೆಂಪಾಗುತ್ತದೆ. ಹುಡುಗಿ 'ಸಾರಿ ಸರ್' ಅಂದಳು. ತಪ್ಪು ಅವಳದಲ್ಲ ಎಂದು ಗೊತ್ತಿದ್ದೂ ಅವನು ತಲೆಯಾಡಿಸಿದ, ಕ್ಷಮಿಸಿದವನ ಹಾಗೆ.

"ಅವ್ವಾ, ಇಲ್ಲಿ ಕೂಡು," ಎಂದ ಚೌಡೇಶ್. ಭಾನುವಾರ ಬೆಳಿಗ್ಗೆ. ಮಂಗಳವಾರ, ಬುಧವಾರ ಆ ಎರಡು ಪಾಠ, ಗುರುವಾರ ಪರೀಕ್ಷೆ. ಗೋಡೆಯ ಫ್ಲೆಕ್ಸಿನ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ. ಬಲಗಡೆಯ ಕುರ್ಚಿಗೆ ಬೇರೆ ಯಾರೂ ಸಿಗದೆ ತಾಯಿಯನ್ನು ಕರೆದ. ಓಬವ್ವ ಎಪ್ಪತ್ತರ ಹೆಂಗಸು, ಮೊರದ ತುಂಬ ಅವರೆಕಾಯಿ ಹಿಡಿದೇ ಬಂದಳು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟೊಂದು ಮೀಟ್ರು ಹಾಕ್ಯಾರಲ್ಲ, ಕರೆಂಟ್ ಬಿಲ್ಲು ಎಷ್ಟು ಬರ್ತೈತೋ," ಎಂದಳು. ಅವನು ಅವಳ ಬಲಗೈಗೆ ಮುದ್ದೆಕೋಲು ಕೊಟ್ಟು, ಇದನ್ನು ಆಗಾಗ ಹಿಂದಕ್ಕೆ ಎಳಿ, ಮುಂದಕ್ಕೆ ನೂಕು, ನಿನಗೆ ತಿಳಿದ ಹಾಗೆ, ನಾನು ಸುಮ್ಮನೆ ಕೂತಿರಬೇಕು, ಅಷ್ಟೆ ಎಂದ. ತನ್ನ ಎಡಗಡೆ ಸ್ಟೂಲಿನ ಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ ನಿಲ್ಲಿಸಿಕೊಂಡಿದ್ದ. ಓಬವ್ವ ಒಂದು ಕೈಯಲ್ಲಿ ಅವರೆಕಾಯಿ ಸುಲಿಯಲಾಗದೆ ಬೇಸರದಿಂದ ಕೋಲನ್ನು ಎಳೆದಳು. ನೂಕಿದಳು. ಮತ್ತೆ ಎಳೆದಳು. ಕಿಟಕಿಯಾಚೆ ಪಕ್ಕದ ಮನೆಯ ಕಸ್ತೂರಮ್ಮ ಬಟ್ಟೆ ಹಿಂಡಿ ತಂತಿಯ ಮೇಲೆ ಕೊಡವುತ್ತಿದ್ದಳು. ಹನಿಗಳು ಬಿಸಿಲಿನಲ್ಲಿ ಚದುರುವುದನ್ನು ನೋಡುತ್ತ ಅವನಿಗೆ ಎಷ್ಟೋ ದಿನದ ಮೇಲೆ ಹಿತವೆನಿಸಿತು. ಈ ಕೋಣೆ, ಈ ಕುರ್ಚಿ, ತಾಯಿಯ ಉಸಿರು, ಎಲ್ಲ ಸರಿಯಾಗಿಯೇ ಇದೆ, ಎಲ್ಲ ನಡೆದುಹೋಗುತ್ತದೆ ಎನಿಸಿತು. ಆಗ ಓಬವ್ವ, "ಚೌಡೇಶ, ನಿನ್ ಕೈ ಯಾಕ ನನ್ ಕೈ ಜೊತಿಗೇ ಬರ್ತೈತೆ?" ಎಂದಳು. ಅವನು ಕೆಳಗೆ ನೋಡಿದ. ಬಾಟಲಿ ಅವನ ಮುಷ್ಟಿಯಲ್ಲಿ ಹಿಂದಕ್ಕೆ ವಾಲಿತ್ತು. ಯಾವಾಗ ಹಿಡಿದನೋ ಅವನಿಗೇ ತಿಳಿಯದು. ತನ್ನ ಕೈಯನ್ನು ಯಾರೋ ಮರೆತುಹೋದ ಸಾಮಾನಿನ ಹಾಗೆ ಅವನು ದಿಟ್ಟಿಸಿದ.

ಹನ್ನೊಂದು ಗಂಟೆಗೆ ಹರಿಹರಕ್ಕೆ ಹೊರಟರು. ಓಬವ್ವನ ತಮ್ಮ ಭರಮಣ್ಣನ ಮನೆಯಲ್ಲಿ ಊಟ. ಕಾರು ಓಡಿಸಿದವಳು ಹೆಂಡತಿ ಸುಷ್ಮಾ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ವಿಭಾಗ ನೋಡಿಕೊಳ್ಳುವ ಅವಳು ಎರಡು ವರ್ಷದಿಂದ ಕಾರಿನಲ್ಲೇ ಕೆಲಸಕ್ಕೆ ಹೋಗಿಬರುತ್ತಾಳೆ. ಗಂಡ ಊರಿನಲ್ಲಿರುವುದು ತಿಂಗಳಿಗೆ ಎಂಟು ದಿನ. ಆ ಎಂಟು ದಿನ ಹೆಚ್ಚಾಗಿ ಅವಳು ಪಕ್ಕದಲ್ಲಿ ಕೂರುತ್ತಾಳೆ. ಇವತ್ತು ಅವಳೇ ಕೀಲಿ ತೆಗೆದುಕೊಂಡಳು; ಅವನು ಎಡಗಡೆ ಕೂತ. ಇದೂ ಒಂದು ಅಭ್ಯಾಸವಾಗುತ್ತದೆ ಎಂದುಕೊಂಡ. ಊರು ದಾಟಿದ ಮೇಲೆ ಎರಡೂ ಬದಿ ಕೊಯ್ಲಾದ ಗದ್ದೆ, ಕಾಲುವೆಯ ಏರಿ, ಅಲ್ಲಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಗುಡ್ಡೆ. ಅವನಿಗೆ ಮತ್ತೆ ಆ ಐದನೇ ದಿನ ನೆನಪಾಯಿತು. ತರಬೇತುದಾರ ಅಂಜನ್ ಕುಮಾರ್ ಆ ದಿನ ಸಿಮ್ಯುಲೇಟರಿನಿಂದ ಇಳಿದ ಮೇಲೆ ಪುಣೆಯ ಹುಡುಗಿಯನ್ನು ಟೀ ಕುಡಿಯಲು ಕಳಿಸಿ, ಇವನೊಬ್ಬನನ್ನೇ ಕೂರಿಸಿಕೊಂಡು, ಒಂದು ಹಾಳೆ ಮುಂದಿಟ್ಟಿದ್ದ. ಹಾಳೆಯಲ್ಲಿ ಎರಡು ಗೆರೆ, ಒಂದು ನೀಲಿ, ಒಂದು ಹಸಿರು. ನೀಲಿ ಅವಳ ಕೈ. ಹಸಿರು ನಿಮ್ಮದು ಸರ್, ಎಂದಿದ್ದ. ಹಸಿರು ಮೊದಲು ನೆಲದಂತೆ ಚಪ್ಪಟೆಯಾಗಿದ್ದು, ನೀಲಿ ಏಳುವ ಕಡೆಯೆಲ್ಲ ತಾನೂ ಏಳುತ್ತಿತ್ತು. ಕೆಲವು ಕಡೆ ನೀಲಿಗಿಂತ ಮೊದಲೇ. ಅಂಜನ್ ಕುಮಾರ್ ಲೋಕಿಕೆರೆಯವನು, ವಯಸ್ಸು ಮೂವತ್ಮೂರು; ಒಂಬತ್ತು ವರ್ಷದ ಕೆಳಗೆ ಹಳೆಯ ವಿಮಾನದಲ್ಲಿ ಚೌಡೇಶನ ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ಹುಡುಗ. ಈಗ ಅವನು 'ಸರ್' ಎನ್ನುವುದನ್ನು ಬಿಡದೆ ಇವನನ್ನು ಫೇಲು ಮಾಡಿದ್ದ. ಹಾಳೆಯನ್ನು ನೋಡುತ್ತಿದ್ದಾಗ ಚೌಡೇಶನ ಕಣ್ಣಿಗೆ ಕಂಡದ್ದು ಪುಣೆಯ ಹುಡುಗಿಯ ಇಳಿತವಲ್ಲ. ಆ ಹಳೆಯ ಕಾಲದ ಹುಬ್ಬಳ್ಳಿಯದು. ಅಂಜನ್ ಇಳಿಸುತ್ತಿದ್ದಾನೆ, ಮಧ್ಯಾಹ್ನದ ಬಿಸಿಗಾಳಿ, ಚೌಡೇಶನ ಕೈ ಹಿಡಿಯ ಮೇಲೆ ಹಗುರವಾಗಿದೆ, ವಿಮಾನ ನೆಲಕ್ಕೆ ತಾಗದೆ ಮತ್ತೆ ತೇಲುತ್ತದೆ, ತೇಲಿ ಬೀಳುತ್ತದೆ. ಹಿಂದೆ ಯಾರೋ ಕೂಗಿದರು. ಗಾಲಿಗಳನ್ನು ಪರೀಕ್ಷಿಸಲು ಎರಡು ದಿನ ವಿಮಾನ ನಿಂತಿತು. ಹುಡುಗ ಅತಿಯಾಗಿ ಎಳೆದ ಎಂದು ಚೌಡೇಶ್ ವರದಿ ಬರೆದ. ಹಾಗೆಂದು ನಂಬಿಯೇ ಬರೆದ. ಅಂಜನ್ ಮೂರು ತಿಂಗಳು ಹಾರಾಟದಿಂದ ಹೊರಗಿದ್ದು ಮತ್ತೆ ಪಾಠಕ್ಕೆ ಕೂತ. ಹಳೆಯ ವಿಮಾನದ ರೆಕಾರ್ಡಿನಲ್ಲಿ ಹಿಡಿಯದು ಒಂದೇ ಗೆರೆ, ಯಾರ ಕೈ ಎಂದು ಅದರಲ್ಲಿ ಬರೆದಿರುವುದಿಲ್ಲ.

"ರೀ." ಸುಷ್ಮಾಳ ದನಿ ತಣ್ಣಗಿತ್ತು. ಕಾರು ಒಮ್ಮೆ ಹಾವಿನಂತೆ ಆಡಿ ಮತ್ತೆ ನೆಟ್ಟಗಾಗಿತ್ತು. ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರು, ಎರಡೂ ಕಡೆ ಹುಲ್ಲು ಜೋಲುತ್ತ ರಸ್ತೆಯ ಮುಕ್ಕಾಲು ಭಾಗ ತುಂಬಿಕೊಂಡಿತ್ತು. ಅವಳು ಅದನ್ನು ದಾಟುವ ಹೊತ್ತಿಗೆ ಅವನ ಬಲಗೈ ಸ್ಟಿಯರಿಂಗಿಗೆ ಹೋಗಿತ್ತು. ವಿಮಾನದಲ್ಲಿ ಎಡಗೈ, ಕಾರಿನಲ್ಲಿ ಬಲಗೈ, ಆ ಚಾಳಿಗೆ ಎಡಬಲದ ಭೇದವಿರಲಿಲ್ಲ. ಟ್ರ್ಯಾಕ್ಟರಿನವನು ಹಾರ್ನು ಹೊಡೆದು ಏನೋ ಬೈದ. ಸುಷ್ಮಾ ಕಾರನ್ನು ಬದಿಗೆ ತಂದು, ಇಂಡಿಕೇಟರ್ ಹಾಕಿ, ಎಂಜಿನ್ ಆರಿಸಿ, ಕೀಲಿಯನ್ನು ಅವನ ತೊಡೆಯ ಮೇಲಿಟ್ಟಳು. "ನೀವೇ ಓಡಿಸ್ರಿ. ನಾನು ಹಿಂದೆ ಅತ್ತೆ ಹತ್ರ ಕೂಡ್ತೀನಿ."

"ಸಿಕ್ಕಾಪಟ್ಟೆ ಹತ್ರ ಹೋಗಿದ್ದಿ ನೀನು."

"ಎರಡು ವರ್ಷ ಓಡ್ಸೀನಿ. ನೀವಿಲ್ದಾಗ ಒಂದು ಗೀರೂ ಬಿದ್ದಿಲ್ಲ. ಬಿದ್ದದ್ದು ಒಂದೇ ಸಲ, ನೀವು ಪಕ್ಕದಾಗೆ ಕೂತಾಗ."

ಹಿಂದಿನಿಂದ ಓಬವ್ವ, "ಹೋಗ್ಲಿ ಬಿಡವ್ವ, ಗೇಟಿನ ಕಂಬ ತಾನೆ, ಎಲ್ರಿಗೂ ಆಗ್ತೈತೆ," ಎಂದು ಸಮಾಧಾನ ಮಾಡಿದಳು. ಆ ಸಮಾಧಾನ ಸುಷ್ಮಾಳ ಬೆನ್ನಿಗೆ ಪೆಟ್ಟಿನಂತೆ ಬಿದ್ದದ್ದನ್ನು ಚೌಡೇಶ್ ಕಂಡ. ಹೋದ ದೀಪಾವಳಿಗೆ ಕಾರನ್ನು ಒಳಗೆ ತರುವಾಗ ಅವನ ಕೈಯೇ ಸ್ಟಿಯರಿಂಗನ್ನು ಒಂದಿಷ್ಟು ಎಳೆದು, ಎಡಗಡೆಯ ಬಾಗಿಲು ಕಂಬಕ್ಕೆ ಉಜ್ಜಿತ್ತು. ಶಬ್ದ ಕೇಳಿ ತಾಯಿ ಹೊರಗೆ ಬಂದಾಗ ಅವನು ಇಳಿದು ಬಾಗಿಲು ಸವರುತ್ತ ನಿಂತಿದ್ದ, ಸುಷ್ಮಾ ಇನ್ನೂ ಸ್ಟಿಯರಿಂಗ್ ಹಿಡಿದೇ ಇದ್ದಳು. ಅವನು ಸುಳ್ಳು ಹೇಳಲಿಲ್ಲ. ಏನನ್ನೂ ಹೇಳಲಿಲ್ಲ, ಅಷ್ಟೆ. ಸ್ಟಿಯರಿಂಗ್ ಹಿಡಿದವರದ್ದೇ ತಪ್ಪು ಎಂದು ಬೀದಿ ತಾನಾಗಿ ತೀರ್ಮಾನಿಸಿತ್ತು. ಸುಷ್ಮಾ ಒಂದು ದಿನವೂ ಅದನ್ನು ಎತ್ತಿ ಆಡಿರಲಿಲ್ಲ; ಅದೇ ಅವನಿಗೆ ಅನುಕೂಲವಾಗಿತ್ತು. ಈಗ ಕೀಲಿ ತೊಡೆಯ ಮೇಲೆ ಬೆಚ್ಚಗಿತ್ತು. ಅವನು ಅದನ್ನು ಎತ್ತಿ ಹಿಂದಿರುಗಿಸಿ, "ನೀನೇ ಓಡ್ಸು. ನಾನು ಕೈ ಕಟ್ಕೊಂಡು ಕೂಡ್ತೀನಿ," ಎಂದ. ಆಮೇಲೆ, ರಸ್ತೆಯನ್ನೇ ನೋಡುತ್ತ, "ಸಿಮ್ಯುಲೇಟರಿನಾಗೆ ಫೇಲಾಗೀನಿ, ಸುಷ್ಮಾ. ರಜೆ ಕೊಟ್ಟಿದ್ದಲ್ಲ ಅದು. ಇದೇ ಕೈ ದೆಸೆಯಿಂದ," ಎಂದ. ಅವಳು ಎಂಜಿನ್ ಶುರು ಮಾಡಿದಳು. ಕನ್ನಡಿ ಸರಿಮಾಡಿಕೊಂಡಳು. "ಹೇಳ್ಬೋದಿತ್ತು," ಎಂದಳು. ಓಬವ್ವ ಹಿಂದಿನಿಂದ, "ಎಷ್ಟನೇ ಕ್ಲಾಸಿನಾಗೆ ಫೇಲಾದ?" ಎಂದು ಕೇಳಿದಳು. ಸುಷ್ಮಾಳಿಗೆ ನಗು ತಡೆಯಲಾಗಲಿಲ್ಲ. ಅವಳ ನಗುವಿಗೆ ಅವನಿಗೂ ನಗು ಬಂತು. ಫೇಲಾದದ್ದನ್ನು ಬಾಯಿಬಿಟ್ಟು ಹೇಳಿದರೆ ಇಷ್ಟು ಹಗುರವಾಗುತ್ತದೆ ಎಂದು ತಿಳಿದಿದ್ದರೆ ಹತ್ತು ದಿನದ ನಿದ್ದೆ ಉಳಿಯುತ್ತಿತ್ತು.

ಭರಮಣ್ಣನ ಮನೆ ಹರಿಹರದಲ್ಲಿ, ಮುಚ್ಚಿದ ಫ್ಯಾಕ್ಟರಿಯೊಂದರ ಕಾಂಪೌಂಡಿನ ಹಿಂದಿನ ಓಣಿಯಲ್ಲಿ. ಆ ಫ್ಯಾಕ್ಟರಿಯ ಪ್ರೆಸ್ ಶಾಪಿನಲ್ಲಿ ಅವನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದ್ದ. ತಗಡಿನ ತುಂಡನ್ನು ಅಚ್ಚಿನೊಳಗೆ ಇಡುವುದು, ಕೈ ತೆಗೆಯುವುದು, ಮೇಲಿನಿಂದ ಎಂಬತ್ತು ಟನ್ನಿನ ಹೊಡೆತ ಬೀಳುವುದು. ದಿನಕ್ಕೆ ಸಾವಿರದ ಮುನ್ನೂರು ಸಲ. ಕೋಳಿಸಾರು, ಮುದ್ದೆ ಬಡಿಸಿದ್ದರು. ಎರಡನೇ ತುತ್ತಿಗೇ ಓಬವ್ವ ತಮ್ಮನಿಗೆ ವರದಿ ಒಪ್ಪಿಸಿದಳು: "ಇವನ ಕೈಗೆ ಏನೋ ಆಗೈತಪ್ಪ ಭರಮಣ್ಣ. ನಾ ಕೋಲು ಎಳೆದ್ರೆ ಇವನೂ ಎಳಿತಾನೆ. ಸುಷ್ಮಾ ಕಾರು ತಿರುಗ್ಸಿದ್ರೆ ಇವನೂ ತಿರುಗುಸ್ತಾನೆ. ಯಾರ್ದಾರ ಹತ್ರ ಮಂತ್ರ ಹಾಕ್ಸೋಣಂತೀಯಾ? ಉಕ್ಕಡಗಾತ್ರಿ ಗುಡಿಗೆ ಹೋಗೋಣಂತೀಯಾ?" ತಟ್ಟೆಯ ಸುತ್ತ ಇದ್ದವರೆಲ್ಲ ತನ್ನ ಕೈಯನ್ನೇ ನೋಡುವುದು ಚೌಡೇಶನಿಗೆ ಗೊತ್ತಾಯಿತು. ಹತ್ತು ವರ್ಷ ಕ್ಯಾಪ್ಟನ್ ಆಗಿದ್ದವನ ಎಡಗೈ ತೊಡೆಯ ಮೇಲೆ ಕಳ್ಳನಂತೆ ಮುದುಡಿಕೊಂಡಿತು. ಭರಮಣ್ಣ ಮಾತ್ರ ನಗಲಿಲ್ಲ. ಮುದ್ದೆ ಮುರಿಯುವುದನ್ನು ನಿಲ್ಲಿಸಿ, ಕೆಲಸದ ವಿಷಯ ಕೇಳುವವನ ಮುಖ ಮಾಡಿಕೊಂಡು, "ಸರಿಯಾಗಿ ಹೇಳೋ. ಯಾವಾಗ ಹೋಗ್ತೈತೆ ಕೈ?" ಎಂದ. ಚೌಡೇಶ್ ಹೇಳಿದ. ನೆಲ ಹತ್ತಿರ ಬಂದಾಗ, ಮಾವ. ಬೇರೆಯವರು ಎಳೆಯೋದಕ್ಕಿಂತ ಒಂದು ಕ್ಷಣ ಮೊದಲು.

"ಕೈಗೆ ಏನಂತ ಹೇಳ್ತೀ ಆವಾಗ?"

"ಸುಮ್ನಿರು ಅಂತೀನಿ."

"ಸುಮ್ನಿರೋದು ಕೆಲಸ ಅಲ್ಲೋ ಅದಕ್ಕೆ. ನಮ್ ಶಾಪಿನಾಗೆ ಸುಮ್ನೆ ಕೈ ಹಿಂದ ಇಟ್ಕೊಂಡವರ ಬೆರಳೇ ಹೋದ್ವು. ಸುಮ್ನಿದ್ದ ಕೈ ತಗಡು ಸೊಟ್ಟ ಐತೆ ಅಂತ ಮತ್ತೆ ಒಳಗೆ ಹೋಗ್ತೈತೆ." ಅವನು ತನ್ನ ಎಡಗೈಯನ್ನು ಎತ್ತಿ ತೋರಿಸಿ, ನಂತರ ಅಂಗೈಯನ್ನು ತೊಡೆಯ ಮೇಲೆ ಮೊಣಕಾಲಿನವರೆಗೆ ಒಮ್ಮೆ ಎಳೆದ, ಒರೆಸಿಕೊಂಡ ಹಾಗೆ. "ತಗಡು ಇಟ್ಟೆ, ಒರೆಸಿದೆ. ಇಟ್ಟೆ, ಒರೆಸಿದೆ. ಒರೆಸೋದು ಮುಗಿಯೋದ್ರಾಗೆ ಹೊಡೆತ ಬಿದ್ದಿರ್ತೈತೆ. ನನಗೆ ಇದನ್ನ ಕಲಿಸಿದ್ದು ಮೊದಲಿದ್ದ ಮೇಸ್ತ್ರಿ ಕಲ್ಲೇಶಪ್ಪ. ಪ್ರೆಸ್ ಶಾಪಿನವರ ಪ್ಯಾಂಟು ನೋಡಿದ್ರೆ ಗೊತ್ತಾಗ್ತಿತ್ತು, ತೊಡಿಮ್ಯಾಲೆ ಬಣ್ಣ ಹೋಗಿರ್ತಿತ್ತು. ಬಸ್ಸಿನಾಗೂ ಒರೆಸ್ತಿದ್ವಿ. ನಿಮ್ಮತ್ತೆ ಮೊದಮೊದಲು ಇವನಿಗೇನು ಕಜ್ಜಿ ಐತಾ ಅಂದ್ಕೊಂಡಿದ್ಲು." ಹತ್ತೂ ಬೆರಳನ್ನು ಅಗಲಿಸಿ ತೋರಿಸಿ, ಮತ್ತೆ ಮುದ್ದೆಗೆ ಕೈ ಹಾಕಿದ. "ನಿಮ್ಮ ಇಂಜಿನಿಯರು ಹೇಳಿಲ್ವಾ ಇದನ್ನ?"

ಹೇಳಿರಲಿಲ್ಲ. ನಾಲ್ಕು ಸಂಪುಟದ ಕೈಪಿಡಿಯಲ್ಲಿ ಕೈಯನ್ನು ಕೋಲಿನ ಮೇಲೆ ಇಡಬಾರದು ಎಂದಿತ್ತು, ಎಲ್ಲಿ ಇಡಬೇಕು ಎಂದಿರಲಿಲ್ಲ. ಊಟವಾದ ಮೇಲೆ ಭರಮಣ್ಣ ಅಂಗಳದಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ತಾನು ಕೂತು, ಚಪ್ಪಾಳೆ ತಟ್ಟುವ ಮೊದಲೇ ಒರೆಸಬೇಕು ಎಂದು ಆಟ ಹೂಡಿದ. ಚೌಡೇಶ್ ಅರ್ಧ ಗಂಟೆ ಒರೆಸಿದ. ಪ್ಯಾಂಟಿನ ಬಟ್ಟೆ ಅಂಗೈಗೆ ಬಿಸಿಯಾಗತೊಡಗಿತು. ಮಾವ ಚಪ್ಪಾಳೆಯ ನಡುವಿನ ಹೊತ್ತನ್ನು ಬೇಕೆಂತಲೇ ಏರುಪೇರು ಮಾಡುತ್ತಿದ್ದ, ಸುಮ್ಮನೆ ಆಕಳಿಸುತ್ತಿದ್ದ, ಇದ್ದಕ್ಕಿದ್ದಂತೆ ತಟ್ಟುತ್ತಿದ್ದ. ಕಾಂಪೌಂಡಿನಾಚೆ ಫ್ಯಾಕ್ಟರಿಯ ಶೆಡ್ಡಿನೊಳಗಿಂದ ಬೇವಿನ ಮರವೊಂದು ಸೂರು ದಾಟಿ ಬೆಳೆದಿತ್ತು. ಸಣ್ಣವನಿದ್ದಾಗ ಅದೇ ಗೇಟಿನ ಮುಂದೆ ಮಾವನಿಗಾಗಿ ಬುತ್ತಿ ಹಿಡಿದು ನಿಲ್ಲುತ್ತಿದ್ದದ್ದು, ಸೈರನ್ನಾದಾಗ ನೂರಾರು ಸೈಕಲ್ಲುಗಳು ಹೊರಬರುತ್ತಿದ್ದದ್ದು, ಅವರಲ್ಲಿ ಎಷ್ಟೋ ಜನರ ಪ್ಯಾಂಟಿನ ತೊಡೆ ಮಾಸಿದ್ದದ್ದು ಅವನಿಗೆ ಈಗ ಕಾಣುತ್ತಿತ್ತು. ಆಗ ಕಂಡಿತ್ತೋ ಇಲ್ಲವೋ. ಈಗ ಬೇಕಾದದ್ದಕ್ಕೆ ಮನಸ್ಸು ಹಿಂದಕ್ಕೆ ಹೋಗಿ ಬಣ್ಣ ಹಚ್ಚಿ ಬರುತ್ತದೆ, ಹುಬ್ಬಳ್ಳಿಯ ಇಳಿತಕ್ಕೆ ಒಂಬತ್ತು ವರ್ಷ ಹಚ್ಚಿದ ಹಾಗೆ. ಅಲ್ಲಿ ಅವನು ಎಳೆದದ್ದು ಅವನ ಕೈಗೆ ಗೊತ್ತಿತ್ತು. ತಲೆಗೆ ಹೇಳಿರಲಿಲ್ಲ. ಅಥವಾ ಹೇಳಿದ್ದನ್ನು ತಲೆ ಕೇಳಿಸಿಕೊಂಡಿರಲಿಲ್ಲ. ಮಾವ ಒಳಗೆ ಮಲಗಲು ಹೋದ ಮೇಲೆ ಅವನು ಎದ್ದು ಓಣಿಗೆ ಬಂದು ಅಂಜನ್‌ಗೆ ಫೋನು ಮಾಡಿದ.

"ಹೇಳ್ರಿ ಸರ್. ಮಂಗಳವಾರ ಬೆಳಿಗ್ಗೆ ಆರಕ್ಕೆ ನಮ್ದು."

"ಅದಕ್ಕಲ್ಲ ಅಂಜನ್. ಹುಬ್ಬಳ್ಳಿದು."

ಆ ಕಡೆ ಕುಕ್ಕರ್ ಕೂಗಿತು. ಯಾರೋ ಟೀವಿಯ ದನಿ ತಗ್ಗಿಸಿದರು.

"ಅವತ್ತು ಎಳೆದದ್ದು ನಾನು ಅನ್ಸುತ್ತೆ."

"ಅನ್ಸೋದೇನು ಬಂತು ಸರ್. ನನಗೆ ಅವತ್ತೇ ಗೊತ್ತಿತ್ತು. ನಾನು ಎಳೆದದ್ದಕ್ಕಿಂತ ಹೆಚ್ಚು ಬಂತು ಹಿಡಿ. ಒಂದೇ ಕಂಬಿ ಅಲ್ವಾ, ನಿಮ್ ಕೈ ನನ್ ಕೈಯಾಗೇ ಇತ್ತು."

ಓಣಿಯ ಗೋಡೆಗೆ ಒರಗಿಕೊಂಡ ಚೌಡೇಶ್. ಆ ಕಂಬಿಯಿಂದ ಪಕ್ಕದವರ ಮನಸ್ಸು ತನಗೆ ತಿಳಿಯುತ್ತದೆ ಎಂದು ಇಷ್ಟು ವರ್ಷ ಹೆಮ್ಮೆಪಟ್ಟಿದ್ದ. ಅದೇ ಕಂಬಿಯಿಂದ ತಾನೂ ಪಕ್ಕದವರಿಗೆ ತಿಳಿಯುತ್ತಿದ್ದೆ ಎಂಬುದು ಒಂದು ದಿನವೂ ಹೊಳೆದಿರಲಿಲ್ಲ. "ಮತ್ತೆ ಯಾಕ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ ಸರ್. ನಾನು ಇಪ್ಪತ್ನಾಕು ವರ್ಷದವ, ನೀವು ಕ್ಯಾಪ್ಟನ್. ಲೋಕಿಕೆರೆಗೆ ಹೋಗಿ ಮೂರು ತಿಂಗಳು ಕೂತೆ. ಅಪ್ಪ ದಿನಾ ಕೇಳೋರು, ರಜೆ ಇನ್ನೂ ಎಷ್ಟು ದಿನ ಐತೋ ಅಂತ."

"ನಾನು ಬರೆದು ಕೊಡ್ತೀನಿ. ಕಂಪನಿಗೆ."

"ಕೊಡ್ರಿ. ಬ್ಯಾಡ ಅನ್ನಲ್ಲ." ಎಂದ ಅಂಜನ್. "ಆದ್ರೆ ಒಂದು ಮಾತು ಸರ್. ಇದ್ರಿಂದ ನಾನೇನು ಸಡಿಲ ಬಿಡಲ್ಲ. ಆ ದನಿ ಒಂದು ಸಲ ಕೇಳಿದ್ರೂ ಬರೀತೀನಿ."

"ಬರಿ," ಎಂದ ಚೌಡೇಶ್. ಆ ಮಾತಿನಲ್ಲಿ ಕಹಿ ಇರಲಿಲ್ಲ ಎಂದು ತಿಳಿದು ಅವನಿಗೇ ಆಶ್ಚರ್ಯವಾಯಿತು.

ಸಂಜೆ ವಾಪಸು ಬರುವಾಗಲೂ ಸುಷ್ಮಾಳೇ ಓಡಿಸಿದಳು. ಚೌಡೇಶ್ ಎರಡೂ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಲಾರಿ ಎದುರಾದಾಗಲೆಲ್ಲ ಒಮ್ಮೆ ಒರೆಸಿದ. ಗದ್ದೆಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದು, ಕೊಯ್ದ ಬುಡಗಳೆಲ್ಲ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಪಕ್ಕದಲ್ಲಿ ಕೂತು ರಸ್ತೆಯನ್ನಲ್ಲದೆ ಬೇರೇನನ್ನಾದರೂ ನೋಡಿ ಎಷ್ಟು ವರ್ಷವಾಗಿತ್ತು. ಸುಷ್ಮಾ ಗೇರು ಬದಲಿಸುವಾಗ ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಚೆನ್ನಾಗಿ ಓಡಿಸುತ್ತಾಳೆ, ಅವನಿಗಿಂತ ನಿಧಾನ, ಆದರೆ ಬ್ರೇಕು ಒತ್ತುವುದು ಕಡಿಮೆ. ಅಂಜನ್‌ನ ವಿಷಯ ಹೇಳಿದ. ಪತ್ರದ ವಿಷಯವನ್ನೂ ಹೇಳಿದ. ಪರೀಕ್ಷೆಗೆ ಮೊದಲೇ ಪತ್ರ ಹೋದರೆ ಪರೀಕ್ಷೆಯನ್ನೇ ತಡೆಹಿಡಿಯಬಹುದು, ವಿಚಾರಣೆ ಎನ್ನಬಹುದು, ಅಷ್ಟರಲ್ಲಿ ಈ ತಂಡದ ತರಬೇತಿ ಮುಗಿದೇಹೋಗಬಹುದು. "ಗುರುವಾರ ಮುಗಿದ ಮೇಲೆ ಕಳಿಸಿದ್ರೆ ನಡಿಯಲ್ವಾ?" ಎಂದ, ಅವಳನ್ನು ಕೇಳುವಂತೆ.

"ನಡೀತೈತೆ," ಎಂದಳು ಸುಷ್ಮಾ. "ಆದ್ರೆ ಆಮೇಲೆ ನೀವು ಕಳ್ಸಲ್ಲ. ನಿಮ್ಮನ್ನ ನಾ ನೋಡಿಲ್ವಾ."

ಎದುರಿನಿಂದ ಬಂದ ಲಾರಿಗೆ ಅವನು ಒಮ್ಮೆ ತೊಡೆ ಒರೆಸಿಕೊಂಡ. ಆಮೇಲೆ ಹಿಂದಕ್ಕೆ ತಿರುಗಿ, "ಅವ್ವಾ, ಗೇಟಿನ ಕಂಬಕ್ಕೆ ಕಾರು ಉಜ್ಜಿದ್ದು ಇವಳಲ್ಲ. ನಾನು ಸ್ಟಿಯರಿಂಗ್ ಎಳೆದೆ," ಎಂದ.

ಓಬವ್ವ ಕೆನ್ನೆಗೆ ಕೈ ಹಚ್ಚಿದಳು. "ಹಂಗಾದ್ರೆ ನಾನು ಕಸ್ತೂರಮ್ಮಗೆ ಹೇಳಿದ್ದು ಸುಳ್ಳಾತಲ್ಲೋ," ಎಂದಳು. "ಆ ಹಿಂದಿನ ಬೀದಿ ಗುರುಮೂರ್ತಿ ಹೆಂಡ್ತಿಗೂ ಹೇಳೀನಿ. ನಾಳೆ ಅವರ ಮುಂದೆ ಯಾವ ಮುಖ ಇಟ್ಕೊಂಡು ಹೋಗ್ಲಿ." ಚಿಂತೆ ಅವಳ ಮರ್ಯಾದೆಯದ್ದಾಗಿತ್ತು. ಸುಷ್ಮಾ ರಸ್ತೆಯಿಂದ ಕಣ್ಣು ತೆಗೆಯದೆ, "ಕಂಬಕ್ಕೆ ಬಣ್ಣ ಹೊಡ್ಸಿದ್ದು, ಬಾಗಿಲು ಡೆಂಟ್ ತೆಗ್ಸಿದ್ದು ಎರಡೂ ನನ್ನ ಸಂಬಳದಾಗೆ," ಎಂದಳು. ದಾವಣಗೆರೆಯ ಒಳಗೆ ಬಂದು, ಗಡಿಯಾರದ ಕಂಬದ ಹತ್ತಿರದ ಗಲಾಟೆಯಲ್ಲಿ, ಆಟೋಗಳ ನಡುವೆ ಕಾರು ನುಗ್ಗಿಸುತ್ತ, ಸಣ್ಣಗೆ ಯಾವುದೋ ಹಾಡು ಗುನುಗಿದಳು. ಅವಳು ಕಾರಿನಲ್ಲಿ ಹಾಡಿಕೊಳ್ಳುತ್ತಾಳೆ ಎಂಬುದು ಅವನಿಗೆ ಇಂದಿನವರೆಗೆ ತಿಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಈಮೇಲಿನಲ್ಲಿ ಕಂಪನಿಗೆ ಪತ್ರ ಕಳಿಸಿದ. ಎಂಟು ಸಾಲು. ತಾನು ಆ ದಿನ ಹಿಡಿಯ ಮೇಲೆ ಕೈ ಇಟ್ಟಿದ್ದೆ, ಎಳೆದೆ, ವರದಿಯಲ್ಲಿ ಅದನ್ನು ಬರೆಯಲಿಲ್ಲ, ತಪ್ಪು ಅಂಜನ್ ಕುಮಾರ್‌ದಲ್ಲ ಎಂದಷ್ಟೇ. ಮಧ್ಯಾಹ್ನದ ರೈಲಿನಲ್ಲಿ ಬೆಂಗಳೂರಿಗೆ ಹೊರಟ. ತುಮಕೂರು ದಾಟುವಾಗ ಉತ್ತರ ಬಂತು: ಪರೀಕ್ಷೆ ನಡೆಯಲಿ, ಉಳಿದದ್ದನ್ನು ಆಮೇಲೆ ನೋಡೋಣ. ಮಂಗಳವಾರದ ಪಾಠದಲ್ಲಿ ಆ ಗಂಡಸಿನ ದನಿ ಒಂದು ಸಲ ಕೇಳಿಸಿತು. ಅಂಜನ್ ತಲೆ ಎತ್ತದೆ ಬರೆದುಕೊಂಡ. ಬುಧವಾರ ಕೇಳಿಸಲಿಲ್ಲ. ಗುರುವಾರ ಪರೀಕ್ಷಕರಾಗಿ ಬಂದವರು ಇವನಿಗೆ ಗೊತ್ತಿಲ್ಲದ ಹಿರಿಯರು. ಪುಣೆಯ ಹುಡುಗಿ ಇಳಿಸುತ್ತಿದ್ದಳು. ನೆಲ ಏಳುತ್ತ ಬಂತು. ಯಂತ್ರ ಐವತ್ತು, ನಲವತ್ತು, ಮೂವತ್ತು ಎಂದು ಅಡಿಗಳನ್ನು ಎಣಿಸತೊಡಗಿತು. ಅವನ ಅಂಗೈ ತೊಡೆಯ ಮೇಲಿಂದ ಮೊಣಕಾಲಿನವರೆಗೆ ಒಮ್ಮೆ ನಿಧಾನವಾಗಿ ಹೋಯಿತು. ಅವಳ ಕೈ ಆ ಕ್ಷಣದಲ್ಲಿ ಏನು ಮಾಡುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕೂತಿರುವುದು ನೀರಿನ ಮೇಲೆ ಕೂತ ಹಾಗಿತ್ತು. ಗಾಲಿಗಳು ತಾಗಿದ್ದು ತಿಳಿಯದಷ್ಟು ಮೆತ್ತಗೆ ವಿಮಾನ ಇಳಿಯಿತು. ಅವಳು ನಕ್ಕಳು. ಹಿಂದಿನ ಸಲದ ಕ್ಷಮೆಯನ್ನು ಅವಳು ಕೇಳಬೇಕಾಗಿರಲಿಲ್ಲ ಎಂದು ಅವನು ಹೊರಗೆ ಬಂದ ಮೇಲೆ ಅವಳಿಗೆ ಹೇಳಿದ.

ಪರೀಕ್ಷೆ ಪಾಸಾಯಿತು. ಹೊಸ ವಿಮಾನದ ಎಡಗಡೆಯ ಸೀಟು, ಕ್ಯಾಪ್ಟನ್‌ನದು, ಸಿಕ್ಕಿತು. ಪತ್ರದ ದೆಸೆಯಿಂದ ಅವನ ಫೈಲಿಗೆ ಒಂದು ಎಚ್ಚರಿಕೆ ಸೇರಿತು, ಮುಂದೆ ತರಬೇತುದಾರರಾಗುವವರ ಪಟ್ಟಿಯಿಂದ ಹೆಸರು ಹೋಯಿತು. ಅಂಜನ್ ಕುಮಾರ್‌ನ ಫೈಲಿನಿಂದ ಹುಬ್ಬಳ್ಳಿಯ ಟಿಪ್ಪಣಿ ತೆಗೆದರು. ಅವನು ಲೋಕಿಕೆರೆಯಲ್ಲಿ ಕೂತ ಮೂರು ತಿಂಗಳು ಮಾತ್ರ ಹೋದದ್ದು ಹೋಯಿತು.